ಕಾಲ್ಚೆಂಡಿನ ಕಾಯಕ



ಮಗನು ಹತ್ತನೆಯ ಇಯತ್ತೆಗೆ ಕಾಲಿಟ್ಟನೆಂದರೆ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ಕೆಲಸವೆಂದರೆ ಚೆಂಡು ಅಟ್ಟ ಸೇರುವುದು. ಪಿ.ಯು.ಸಿ. ಮುಗಿಯುವವರೆಗೆ ಅದು ಕೆಳಗಿಳಿಯುವುದಿಲ್ಲ. ಅನಂತರ ಇಳಿದರೂ ಅದನ್ನು ಒದೆಯುವ ಕಾಲಿಗೆ ಆ ವೇಳೆಗೆ ಆಟವೇ ಮರೆತುಹೋಗಿರುತ್ತದೆ. ತಂದೆತಾಯಿಯರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಕ್ಕಲುತನದ ಆದಾಯವನ್ನು ನೆಚ್ಚಿಕೊಂಡು ಬದುಕುವ ಕುಟುಂಬಕ್ಕೆ ಮಗನ ಒಂದು ವರ್ಷ ಹಾಳಾಗುವುದೆಂದರೆ ಸಣ್ಣ ಮಾತಲ್ಲ. ಆದರೆ ಆಟವೆಂಬುದು ಓದಿನ ವೈರಿ, ಧರ್ಮಕ್ಕೆ ಹೊರತಾದದ್ದು, ಕೆಲಸವಿಲ್ಲದವರ ಕಾಲಕ್ಷೇಪ ಎಂಬ ಭಾವನೆ ನಮ್ಮ ಸಮಾಜದಲ್ಲಿ ಬೇರೂರಿದೆಯಲ್ಲ, ಅದನ್ನು ಮಾತ್ರ ಪರಿಶೀಲಿಸಬೇಕಾಗಿದೆ. ಶರೀರವನ್ನು ಹೀಗಳೆಯದೆ ಅದನ್ನು ಶಿವನ ನೆಲೆಯೆಂದು ಕಂಡ ಶರಣರ ಪರಂಪರೆಯಲ್ಲಿ ಹುಟ್ಟಿದ ನಾವು ಶರೀರದ ಶಿಸ್ತನ್ನು ಕಡೆಗಣಿಸುವುದು ಉಚಿತವಾಗಲಾರದು.

ಈ ಸಲದ ಅಂಕಣಕ್ಕೆ ನಾವು ಆರಿಸಿಕೊಂಡ ವಿಷಯ ನಮ್ಮದೇ ನೆಲದ ಹಳೆಯ ಸಂಗತಿ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಭಕ್ತರಿಗೆ ತಾಜಸುಲ್ತಾನಪುರ ಪರಿಚಿತವಾದ ಊರು. ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ತುಕಡಿಯ ನೆಲೆ ಅಲ್ಲಿರುವುದರಿಂದ ಬೆಳಗಿನ ಕವಾಯತು, ಓಟ, ಆಟ ಇವು ಆ ಊರಿನ ಮಕ್ಕಳಿಗೆ ಹೊಸ ನೋಟಗಳಲ್ಲ. ಪೊಲೀಸರಿಗೂ ಕಾಲ್ಚೆಂಡಿಗೂ ಏನು ನಂಟು ಎಂದು ಆ ಮಕ್ಕಳು ಕೇಳಿದರೆ ಅವರಿಗೆ ಹೇಳಲು ನಮ್ಮ ಹಿರಿಯರ ಕಾಲದ ಒಂದು ದೊಡ್ಡ ಕಥೆಯೇ ಇದೆ. ಅದು ಕಾಲೇಜು ಹುಡುಗರ ಒಂದು ತಂಡದಿಂದ ಆರಂಭವಾಗಿ, 1950ರ ಒಂದೇ ಹಂಗಾಮಿನಲ್ಲಿ ಭಾರತವೆಲ್ಲ ತಿರುಗಿ ನೋಡುವಂತೆ ಬೆಳೆದ ಕಥೆ.

1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಅಂಗಗಳಾಗಿದ್ದವೆಂಬುದನ್ನು ಹೊಸ ತಲೆಮಾರು ಮರೆಯುತ್ತಿದೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಅಂದು ನಮ್ಮವರಿಗೆ ಉನ್ನತ ಶಿಕ್ಷಣದ ಹೆಬ್ಬಾಗಿಲು. ಅಲ್ಲಿನ ಬೋಧನೆ ಉರ್ದು ಭಾಷೆಯಲ್ಲಿ. ಮನೆಯಲ್ಲಿ ಕನ್ನಡ, ಮಠದಲ್ಲಿ ವಚನ, ಕಾಲೇಜಿನಲ್ಲಿ ಉರ್ದು, ಹೀಗೆ ಮೂರು ಲೋಕಗಳ ನಡುವೆ ಓದಿದ ಹಿರಿಯರು ನಮ್ಮ ಮನೆತನಗಳಲ್ಲಿ ಹಲವರಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು ಸೈಯದ್ ಅಬ್ದುಲ್ ರಹೀಮ್. 1909ರಲ್ಲಿ ಜನಿಸಿದ ಅವರು ವಿದ್ಯಾರ್ಥಿಯಾಗಿದ್ದಾಗಲೇ ವಿಶ್ವವಿದ್ಯಾಲಯದ ಪರವಾಗಿ ಕಾಲ್ಚೆಂಡು ಆಡಿದರು. ಅಲ್ಲಿ ಓದುತ್ತಿದ್ದವರೂ ಓದಿ ಮುಗಿಸಿದವರೂ ಕೂಡಿ ಕಟ್ಟಿದ ‘ಇಲೆವೆನ್ ಹಂಟರ್ಸ್’ ಎಂಬ ತಂಡದಲ್ಲಿ ಅವರೂ ಒಬ್ಬರು. ಪದವಿ ಪಡೆದ ಮೇಲೆ ಅವರು ಹಿಡಿದ ವೃತ್ತಿ ಶಾಲಾ ಶಿಕ್ಷಕರದು. ಕಲಬುರಗಿಯ ಪ್ರಯಾಣಿಕರಿಗೆ ರೈಲು ನಿಲ್ದಾಣದಿಂದಾಗಿ ಚಿರಪರಿಚಿತವಾದ ಕಾಚಿಗುಡಾದ ಮಾಧ್ಯಮಿಕ ಶಾಲೆಯಲ್ಲಿ, ಮುಂದೆ ಹೈದರಾಬಾದಿನ ಇತರ ಶಾಲೆಗಳಲ್ಲಿ ಅವರು ಪಾಠ ಹೇಳಿದರು. ಶಾರೀರಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಆಟಗಳ ಹೊಣೆಯನ್ನೂ ಹೊತ್ತರು. ಕೊನೆಯವರೆಗೂ ಜನ ಅವರನ್ನು ‘ರಹೀಮ್ ಸಾಹೇಬರು’ ಎಂದೇ ಕರೆದರು. ಗುರುಸ್ಥಾನದಲ್ಲಿ ನಿಂತವನಿಗೆ ಸಲ್ಲುವ ಗೌರವ ಅದು.

ಇನ್ನು 1950ರ ಮಾತಿಗೆ ಬರುವ ಮುನ್ನ ಅದರ ಹಿಂದಿನ ಎರಡು ವರ್ಷಗಳನ್ನು ನೆನೆಯದೆ ಮುಂದೆ ಸಾಗುವಂತಿಲ್ಲ. ರಜಾಕಾರರ ಹಾವಳಿಯಲ್ಲಿ ನಮ್ಮ ಭಾಗದ ಹಳ್ಳಿಗಳು ಅನುಭವಿಸಿದ ಕಷ್ಟವನ್ನು ಬಲ್ಲ ಮನೆಗಳು ಇಂದಿಗೂ ಇವೆ. ಊರು ಬಿಟ್ಟು ಹೋದವರು, ಮುಂಡರಗಿ ಮೊದಲಾದ ಗಡಿ ಶಿಬಿರಗಳಲ್ಲಿ ನಿಂತು ಹೋರಾಡಿದವರು, ಮನೆಮಠ ಕಳೆದುಕೊಂಡವರು ನಮ್ಮ ಸಮಾಜದಲ್ಲಿ ಅನೇಕರು. 1948ರ ಸೆಪ್ಟೆಂಬರ್ ತಿಂಗಳಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಅದಾದ ಮೇಲೆ ಸೇಡಿನ ಕೈಗಳು ನಿರಪರಾಧಿಗಳ ಮೇಲೂ ಎದ್ದವೆಂಬುದನ್ನು ಸತ್ಯದ ಹೆಸರಿನಲ್ಲಿ ಹೇಳಲೇಬೇಕು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳನ್ನೂ ಹೆಸರಿಸಿತು. ಹೀಗೆ ಎರಡೂ ಕಡೆ ಗಾಯ. ಎರಡೂ ಕಡೆ ಮೌನ. ನೆರೆಮನೆಯವನನ್ನು ಕಂಡರೆ ಬಾಗಿಲು ಮುಚ್ಚುವ ಕಾಲ ಅದು.

ಅಂಥ ಕಾಲದಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡವು ರಹೀಮ್ ಸಾಹೇಬರ ತರಬೇತಿಯಲ್ಲಿ ಮೈದಾನಕ್ಕಿಳಿಯಿತು. ತಂಡ ಹೊಸದೇನಲ್ಲ. 1943ರಲ್ಲಿಯೇ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಪಂದ್ಯದಲ್ಲಿ ಬ್ರಿಟಿಷರ ವಾಯುಪಡೆಯ ತಂಡವನ್ನು ಸೋಲಿಸಿ ಹೆಸರು ಮಾಡಿತ್ತು. ಆದರೆ 1950ರ ಹಂಗಾಮು ಬೇರೆಯೇ ಆಯಿತು. ಮುಂಬಯಿಯ ರೋವರ್ಸ್ ಕಪ್ಪನ್ನು ಈ ತಂಡ ಗೆದ್ದಿತು. ಆ ಕಪ್ಪಿನ ಚರಿತ್ರೆಯಲ್ಲಿ ಕನ್ನಡ ನಾಡಿಗೊಂದು ಮಾನವಿದೆ: ಬಹುಕಾಲ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿದ್ದ ಅದನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡವೆಂದರೆ 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಅದೇ 1950ರಲ್ಲಿ, 1940ರ ಅನಂತರ ನಿಂತೇ ಹೋಗಿದ್ದ ಡ್ಯುರಾಂಡ್ ಕಪ್ ಪಂದ್ಯಾವಳಿಯು ದಿಲ್ಲಿಯಲ್ಲಿ ಮತ್ತೆ ಆರಂಭವಾಯಿತು. ಸ್ವತಂತ್ರ ಭಾರತದ ಆ ಮೊದಲನೆಯ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಹೈದರಾಬಾದಿನವರು ಎದುರಿಸಿದ್ದು ಕಲಕತ್ತೆಯ ಮೋಹನ್ ಬಾಗಾನ್ ತಂಡವನ್ನು. 1911ರಲ್ಲಿ ಬ್ರಿಟಿಷ್ ಪಲ್ಟನ್ನನ್ನು ಮಣಿಸಿ ದೇಶಕ್ಕೇ ಸ್ವಾಭಿಮಾನ ತಂದ ತಂಡ ಅದು. ಆ ತಂಡವನ್ನು ಸೋಲಿಸಿ ಹೈದರಾಬಾದು ಕಪ್ಪನ್ನು ಮನೆಗೆ ತಂದಿತು. 1950ರಿಂದ 1954ರವರೆಗೆ ಐದು ವರ್ಷ ಒಂದೇ ಸಮನೆ ರೋವರ್ಸ್ ಕಪ್ಪು ಈ ತಂಡದ ಕೈಬಿಡಲಿಲ್ಲ.

ಆ ದಶಕದ ಆಟಗಾರರ ಹೆಸರುಗಳನ್ನು ನೋಡಿರಿ: ನೂರ್ ಮೊಹಮ್ಮದ್, ಅಜೀಜುದ್ದೀನ್, ಲಾಯಕ್, ಮೊಯಿನುದ್ದೀನ್, ಆಂಥೋನಿ ಪ್ಯಾಟ್ರಿಕ್. ಎರಡು ವರ್ಷಗಳ ಹಿಂದೆ ಯಾವ ರಾಜ್ಯದ ಮೇಲೆ ಭಾರತದ ಸೇನೆ ಸಾಗಿತ್ತೋ ಅದೇ ರಾಜ್ಯದ ಹುಡುಗರು ದಿಲ್ಲಿಯ ಬಯಲಿನಲ್ಲಿ ಗೆದ್ದು ನಿಂತರು. 1951ರ ಮಾರ್ಚ್ ತಿಂಗಳಲ್ಲಿ ಅದೇ ದಿಲ್ಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತ ತಂಡದ ತರಬೇತುದಾರರು ರಹೀಮ್ ಸಾಹೇಬರೇ. ಇರಾನನ್ನು 1–0 ಗೋಲಿನಿಂದ ಮಣಿಸಿ ಭಾರತವು ಚಿನ್ನ ಪಡೆಯಿತು. ಹಗೆಯನ್ನು ಭಾಷಣಗಳಿಂದ ಆರಿಸುವುದು ಕಷ್ಟ. ಹನ್ನೊಂದು ಜನ ಒಂದೇ ಚೆಂಡಿನ ಹಿಂದೆ ಬೆವರು ಸುರಿಸಿ ಓಡುವಾಗ ಅವರ ಊರು ಯಾವುದು, ಮತ ಯಾವುದು ಎಂದು ನೋಡುವವನಿಗೆ ನೆನಪಾಗುವುದಿಲ್ಲ. ನಮ್ಮ ಗಾಯವನ್ನು ನಾವು ಮರೆಯಬೇಕಾಗಿಲ್ಲ. ಹುತಾತ್ಮರ ಸ್ಮರಣೆ ನಮ್ಮ ಕರ್ತವ್ಯ. ಆದರೆ ರಜಾಕಾರನ ಪಾಪದ ಲೆಕ್ಕವನ್ನು ಚೆಂಡಾಡುವ ಹುಡುಗನ ಹೆಸರಿನಲ್ಲಿ ಬರೆಯುವುದು ಬಸವತತ್ತ್ವವಲ್ಲ. ಕಲ್ಯಾಣದಲ್ಲಿ ಅನುಭವ ಮಂಟಪ ನಡೆದದ್ದು ಬೇರೆ ಬೇರೆ ಕಾಯಕದ, ಬೇರೆ ಬೇರೆ ಕುಲದ ಜನ ಒಂದೆಡೆ ಕುಳಿತುದರಿಂದ. 2019ರಿಂದ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿರುವಾಗ ಆ ಹೆಸರಿನ ಭಾರವನ್ನೂ ನಾವು ಹೊರಬೇಕಷ್ಟೆ.

ಇನ್ನು ಈ ಜಯಗಳ ಹಿಂದಿದ್ದ ಶಿಸ್ತು ಎಂತಹುದು? ನಮಗೆ ಅತ್ಯಂತ ಪ್ರಿಯವಾದ ಭಾಗವೇ ಇದು. ಚೆಂಡು ಕಾಲಿಗೆ ಸಿಕ್ಕ ಕೂಡಲೇ ಅದನ್ನು ತನ್ನ ಬಳಿಯೇ ಇಟ್ಟುಕೊಂಡು, ಒಬ್ಬೊಬ್ಬರನ್ನೇ ತಪ್ಪಿಸುತ್ತ ಒಂಟಿಯಾಗಿ ಮುನ್ನುಗ್ಗುವುದು ಹುಡುಗರ ಸಹಜ ಆಸೆ. ಇದನ್ನು ‘ಡ್ರಿಬ್ಲಿಂಗ್’ ಎನ್ನುತ್ತಾರೆ. ನೋಡುವವರು ಚಪ್ಪಾಳೆ ತಟ್ಟುವುದೂ ಇದಕ್ಕೇ. ರಹೀಮ್ ಸಾಹೇಬರು ಹೈದರಾಬಾದಿನ ಹುಡುಗರಿಗಾಗಿ ಡ್ರಿಬ್ಲಿಂಗನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡು ಬಂದಿತೇ, ಕೂಡಲೇ ಜೊತೆಯವನಿಗೆ ದಾಟಿಸಬೇಕು. ಹೀಗೆ ಆಡಿದ ಹುಡುಗನಿಗೆ ಚೆಂಡು ಬರುವ ಮುನ್ನವೇ ಜೊತೆಯವನು ಎಲ್ಲಿ ನಿಂತಿದ್ದಾನೆಂದು ನೋಡುವ ಅಭ್ಯಾಸ ಬರುತ್ತದೆ. ತನ್ನನ್ನು ತಾನು ನೋಡಿಕೊಳ್ಳುವ ಕಣ್ಣು ಹೊರಗೆ ತಿರುಗುತ್ತದೆ.

ಇದನ್ನು ತಿಳಿದಾಗ ನಮಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಥೆಯನ್ನು ಎಲ್ಲ ಭಕ್ತರೂ ಬಲ್ಲರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿಯೇನು ಕಳವಿನದಲ್ಲ. ದುಡಿದೇ ತಂದದ್ದು. ಆದರೂ ಅಗತ್ಯಕ್ಕೆ ಮೀರಿದ್ದನ್ನು ತನ್ನ ಬಳಿ ಇಟ್ಟುಕೊಂಡರೆ ಅದು ಇನ್ನೊಬ್ಬರ ಪಾಲು ಎಂಬುದು ಆಕೆಯ ನಿಲುವು. ಚೆಂಡಿನ ವಿಷಯದಲ್ಲಿ ರಹೀಮ್ ಸಾಹೇಬರು ಕಲಿಸಿದ್ದು ಇದನ್ನೇ. ವಚನವನ್ನು ಬಾಯಿಪಾಠ ಮಾಡಿದ ನಮ್ಮ ಮಗನು ಮೈದಾನದಲ್ಲಿ ಚೆಂಡನ್ನು ಬಿಟ್ಟುಕೊಡಲೊಲ್ಲನಾದರೆ ಲಕ್ಕಮ್ಮನ ಪಾಠ ಅವನಿಗೆ ಇನ್ನೂ ಮುಟ್ಟಿಲ್ಲವೆಂದೇ ತಿಳಿಯಬೇಕು.

ಅವರ ಇನ್ನೆರಡು ಏರ್ಪಾಡುಗಳನ್ನೂ ಹೇಳಬೇಕು. ದುರ್ಬಲವಾದ ಕಾಲಿನಿಂದಲೇ ಆಡಬೇಕೆಂಬ ನಿಯಮದ ಪಂದ್ಯಗಳು ಒಂದು. ಬಲಗಾಲಿನ ಆಟಗಾರನು ಎಡಗಾಲಿನಿಂದಲೇ ಒದೆಯಬೇಕು. ಮೊದಮೊದಲು ನಗೆಪಾಟಲಾದರೂ ಕೆಲವು ತಿಂಗಳಲ್ಲಿ ಅವನ ಎರಡೂ ಕಾಲುಗಳು ಪಳಗುತ್ತವೆ. ಎರಡನೆಯದು, ಇಂತಿಷ್ಟು ಎತ್ತರಕ್ಕಿಂತ ಕಡಿಮೆ ಇರುವ ಹುಡುಗರಿಗೆಂದೇ ನಡೆಸಿದ ಪಂದ್ಯಗಳು. ಗಟ್ಟಿಮುಟ್ಟಾದ ದೊಡ್ಡ ಹುಡುಗರ ನಡುವೆ ಚೆಂಡೇ ಸಿಗದೆ ಅಂಚಿನಲ್ಲಿ ನಿಲ್ಲುವ ಚಿಕ್ಕವರಿಗೆ ಇದರಿಂದ ಸರದಿ ಸಿಕ್ಕಿತು. ನಮ್ಮ ದಾಸೋಹದ ಮನೆಯಲ್ಲಿ ಹಿಂದೆ ನಿಂತ ಮಗುವನ್ನು ಹುಡುಕಿ ಪಂಕ್ತಿಗೆ ಕರೆತರುವ ಸೇವಕನಿರುತ್ತಾನಲ್ಲ, ಅವನ ಕಣ್ಣೇ ಈ ಗುರುವಿಗೂ ಇತ್ತು. ಸಿಕಂದರಾಬಾದಿನ ಬಡ ಕುಟುಂಬದ ತುಳಸಿದಾಸ್ ಬಲರಾಮನೆಂಬ ಹುಡುಗನಿಗೆ ಅಭ್ಯಾಸದ ಸ್ಥಳಕ್ಕೆ ಬಂದುಹೋಗಲು ಅನುಕೂಲವಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ಹಣ ಕೊಟ್ಟು ಅವನನ್ನು ಕರೆಸಿಕೊಂಡವರು ರಹೀಮ್ ಸಾಹೇಬರು. ಆ ಹುಡುಗನು ಮುಂದೆ ಭಾರತದ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದನು.

ಆದರೆ ಈ ಕಥೆ ಗೆಲುವುಗಳದೇ ಎಂದು ತಿಳಿಯಬಾರದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತವು ಯುಗೋಸ್ಲಾವಿಯದ ಎದುರು 10–1 ಗೋಲುಗಳಿಂದ ಸೋತಿತು. ಆಗಿನ ತರಬೇತುದಾರರೂ ಇವರೇ. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿಯೇ ಆಡುವವರು. ಚಳಿಯ ನಾಡಿನ ಹಸಿ ನೆಲದಲ್ಲಿ ಬೂಟು ತೊಟ್ಟವರ ಮುಂದೆ ಅದು ನಡೆಯಲಿಲ್ಲ. ಪರೀಕ್ಷೆಯಲ್ಲಿ ಹೀಗೆ ಅಂಕ ಬಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ಊಹಿಸಿಕೊಳ್ಳಿರಿ. ರಹೀಮ್ ಸಾಹೇಬರು ಮತ್ತು ಆಟಗಾರರು ಮಾಡಿದ್ದು ಒಂದೇ: ಬೂಟು ತೊಡುವುದನ್ನು ಕಲಿತರು, ಆಟದ ವ್ಯೂಹವನ್ನು ಬದಲಿಸಿದರು. ನಾಲ್ಕು ವರ್ಷಗಳ ಮೇಲೆ, 1956ರ ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ, ಒಲಿಂಪಿಕ್ಸ್ ಕಾಲ್ಚೆಂಡಿನ ಉಪಾಂತ್ಯ ತಲುಪಿದ ಏಷ್ಯದ ಮೊದಲ ತಂಡವಾಯಿತು ಭಾರತ. ಕಲಬುರಗಿಯು ಹೈದರಾಬಾದಿನಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿ ಅಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ, ಕಿವಿಗಡಚಿಕ್ಕುವ ವಿರೋಧದ ಕೂಗಿನ ನಡುವೆ, ದಕ್ಷಿಣ ಕೊರಿಯವನ್ನು 2–1ರಿಂದ ಮಣಿಸಿ ಭಾರತವು ಮತ್ತೊಮ್ಮೆ ಏಷ್ಯನ್ ಚಿನ್ನ ಗೆದ್ದಿತು. ಅಷ್ಟರಲ್ಲಿ ಕ್ಯಾನ್ಸರ್ ರೋಗ ಗುರುವಿನ ದೇಹವನ್ನು ಹೊಕ್ಕಿತ್ತು. 1963ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ದೇಹ ನಡೆಯುವವರೆಗೆ ಕಾಯಕ ನಡೆಯಿತು.

“ಅದೆಲ್ಲ ಸರಿ ಸ್ವಾಮಿಗಳೇ, ಓದಿನ ಗತಿಯೇನು?” ಎಂದು ತಾಯಂದಿರು ಕೇಳುವುದು ನ್ಯಾಯವೇ ಆಗಿದೆ. ಇದಕ್ಕೆ ಉತ್ತರವಾಗಿ ಇನ್ನೊಬ್ಬ ಕಾಲೇಜು ವಿದ್ಯಾರ್ಥಿಯ ಜೀವನವನ್ನು ಮುಂದಿಡುತ್ತೇವೆ. ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ 1918ರಲ್ಲಿ ಹುಟ್ಟಿದ ತಾಲಿಮೆರೆನ್ ಆವೊ ಎಂಬಾತನ ತಂದೆ ಕ್ರೈಸ್ತ ಧರ್ಮಬೋಧಕರು. ಮಗ ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಆ ತಂದೆಯ ಇಚ್ಛೆ. ಮಗನು ಕಲಕತ್ತೆಯ ವೈದ್ಯಕೀಯ ಕಾಲೇಜು ಸೇರಿ, ಓದುತ್ತಲೇ ಮೋಹನ್ ಬಾಗಾನಿನ ಪರವಾಗಿ ಆಡಿದನು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಕಾಲ್ಚೆಂಡು ತಂಡಕ್ಕೆ ಆತನೇ ನಾಯಕ. ಫ್ರಾನ್ಸಿನ ಎದುರು ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿ ನಮ್ಮವರು 2–1ರಿಂದ ಸೋತರು. ಭಾರತದ ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ದೇಶದ ತಂಡದ ನಾಯಕನಾಗಿದ್ದವನು ಪುಸ್ತಕವನ್ನು ಕೆಳಗಿಡಲಿಲ್ಲ. ಹೈದರಾಬಾದಿನವರು ದಿಲ್ಲಿಯಲ್ಲಿ ಗೆದ್ದ ಅದೇ 1950ರಲ್ಲಿ ಎಂ.ಬಿ.ಬಿ.ಎಸ್. ಪದವಿ ಪಡೆದು, ತನ್ನ ಬೆಟ್ಟಗಳಿಗೆ ಮರಳಿ, ಮುಂದೆ ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕನಾದನು. ಡಾಕ್ಟರ್ ಆವೊ ಅವರು 1998ರಲ್ಲಿ ನಿಧನರಾದರು. ಆಟವು ಈತನ ಓದನ್ನು ಕೆಡಿಸಲಿಲ್ಲ. ಓದು ಆಟವನ್ನು ನಿಲ್ಲಿಸಲಿಲ್ಲ. ತಂದೆಯ ಮಾತನ್ನು ಎರಡೂ ಸೇರಿ ನಡೆಸಿಕೊಟ್ಟವು.

ಎಲ್ಲರೂ ಆವೊ ಆಗುವುದಿಲ್ಲವೆಂಬುದನ್ನೂ ನಾವು ಬಲ್ಲೆವು. ಆಟವನ್ನು ನಂಬಿ ಓದು ಬಿಟ್ಟು, ಮೂವತ್ತನೆಯ ವಯಸ್ಸಿಗೆ ಮೊಳಕಾಲು ನೋವನ್ನಷ್ಟೇ ಉಳಿಸಿಕೊಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹೈದರಾಬಾದಿನ ಹುಡುಗರು ನಿಶ್ಚಿಂತೆಯಿಂದ ಆಡಿದ್ದು ಪೊಲೀಸ್ ಇಲಾಖೆಯ ನೌಕರಿ ಅವರ ಒಲೆಯನ್ನು ಹೊತ್ತಿಸುತ್ತಿದ್ದುದರಿಂದ. ಆದುದರಿಂದ ಓದನ್ನು ಬಿಟ್ಟು ಆಡೆಂದು ನಾವು ಯಾವ ಮಗುವಿಗೂ ಹೇಳಲಾರೆವು. ಓದಿನ ಜೊತೆ ದಿನಕ್ಕೊಂದು ಗಂಟೆ ಆಡೆಂದು ಮಾತ್ರ ಹೇಳುತ್ತೇವೆ. ಆ ಒಂದು ಗಂಟೆಯನ್ನು ಕಸಿದುಕೊಂಡ ಮನೆಗಳಲ್ಲಿ ಅದು ಪುಸ್ತಕಕ್ಕೆ ಸಲ್ಲುತ್ತಿದೆಯೋ ಮೊಬೈಲಿಗೆ ಸಲ್ಲುತ್ತಿದೆಯೋ ಎಂಬುದನ್ನು ತಂದೆತಾಯಿಯರೇ ನೋಡಿ ಹೇಳಲಿ.

ತಾಜಸುಲ್ತಾನಪುರ, ಕಮಲಾಪುರಗಳ ಸುತ್ತಲಿನ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ನಗರ ಬೆಳೆದಂತೆ ಊರಂಚಿನ ಬಯಲೆಲ್ಲ ನಿವೇಶನವಾಗುತ್ತದೆ. ಊರಿನ ಹಿರಿಯರು ಕೂಡಿ, ಶಾಲೆಯ ಹಿಂದಿನದೋ ಗುಡಿಯ ಮುಂದಿನದೋ ಒಂದು ತುಂಡು ನೆಲವನ್ನು ಮಕ್ಕಳ ಆಟಕ್ಕೆಂದು ಈಗಲೇ ಉಳಿಸಿಕೊಳ್ಳಿರಿ. ನಮ್ಮ ಬಿಸಿಲಿಗೆ ಬೆಳಗಿನ ಮತ್ತು ಸಂಜೆಯ ತಂಪು ಹೊತ್ತೇ ಆಟಕ್ಕೆ ಯೋಗ್ಯ. ಅದು ಲಿಂಗಪೂಜೆಗೆ ಅಡ್ಡಿಯಾಗದಂತೆ ಹೊಂದಿಸುವುದು ಕಷ್ಟವಲ್ಲ. ಹೆಣ್ಣುಮಕ್ಕಳನ್ನು ಹೊರಗಿಡಬೇಡಿರಿ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನವು ಮಹಾದೇವಿಯಕ್ಕನ ಹೆಸರಿನಲ್ಲಿ ಕನ್ಯಾಶಾಲೆ ತೆರೆದಾಗ ಮೂಗು ಮುರಿದವರಿದ್ದಿರಬಹುದು. ಇಂದು ಆ ಓದಿನ ಫಲ ಉಣ್ಣದ ಮನೆಯೇ ನಮ್ಮಲ್ಲಿಲ್ಲ. ಎಲ್ಲ ಓಣಿಯ, ಎಲ್ಲ ಮತದ ಮಕ್ಕಳೂ ಒಂದೇ ಬಯಲಿಗೆ ಬರಲಿ. ತಂಡ ಕಟ್ಟುವಾಗ ಓಣಿಗೊಂದು ತಂಡವೆಂದು ಕಟ್ಟದೆ, ಚೀಟಿ ಎತ್ತಿ ಬೆರೆಸಿ ಕಟ್ಟಿರಿ. ಬರುವ ಬಸವ ಜಯಂತಿಗೆ ಒಂದು ಪಂದ್ಯವನ್ನು ಡ್ರಿಬ್ಲಿಂಗ್ ಇಲ್ಲದೆ ನಡೆಸಿ ನೋಡಿರಿ. ಗೋಲು ಹೊಡೆದವನಿಗೆ ಕೊಡುವ ಬಹುಮಾನವನ್ನೇ ಚೆಂಡು ದಾಟಿಸಿ ಕೊಟ್ಟವನಿಗೂ ಕೊಡಿರಿ. ಪಂದ್ಯದ ಮೇಲೆ ಗೆದ್ದವರೂ ಸೋತವರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲಿ.

ಅಟ್ಟದ ಮೇಲಿನ ಚೆಂಡಿಗೆ ಗಾಳಿ ತುಂಬಿಸುವ ಖರ್ಚು ಹೆಚ್ಚಿನದಲ್ಲ. ಈ ತಿಂಗಳು ಅದೊಂದನ್ನು ಮಾಡಿರಿ. ಮುಂದಿನ ಮಾತನ್ನು ಮಕ್ಕಳು ತಾವೇ ನಡೆಸುವರು.